ಗೋಮಾಳಕ್ಕೆ ತೋಡಿದ ಕಂದಕ

ಮಾತು ಕೊಡುವುದರಲ್ಲಿ ನನ್ನದು ಧಾರಾಳ ಕೈ. ನೆನಪಿಟ್ಟುಕೊಳ್ಳುವುದರಲ್ಲಿ ಅಷ್ಟಿಲ್ಲ. ಮೂರು ವರ್ಷದ ಹಿಂದೆ ನಮ್ಮ ವಠಾರದಲ್ಲಿ ಬಾಡಿಗೆಗಿರುವ ಬಸಲಿಂಗ ಮತ್ತು ಮಹಾದೇವಿಯ ಏಳು ದಿನದ ಹೆಣ್ಣುಕೂಸು ತೀರಿಕೊಂಡಿತು. ಯಾದಗಿರಿ ಕಡೆಯವರು, ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಅಷ್ಟು ದೂರದ ಊರಿಗೆ ಒಯ್ಯುವ ಹಾಗಿರಲಿಲ್ಲ. ಹೆಬ್ಬಗೋಡಿಯ ಆಚೆಗಿರುವ ನಮ್ಮ ಹಳ್ಳಿಯಲ್ಲಿ ಒಂದೊಂದು ಕುಲಕ್ಕೂ ಒಂದೊಂದು ಸ್ಮಶಾನ ಇದೆ, ಹೊರಗಿನಿಂದ ಬಂದವರಿಗೆ ಮಾತ್ರ ಇಲ್ಲ. ಗೋಮಾಳದ ಅಂಚಿನಲ್ಲಿ ಮಣ್ಣು ಮಾಡಿ, ಯಾರಾದರೂ ಕೇಳಿದರೆ ವೆಂಕಟಪ್ಪ ಹೇಳಿದ ಅನ್ನಿ, ಆ ಜಾಗವನ್ನು ಯಾರೂ ಮುಟ್ಟದ ಹಾಗೆ ನಾನು ನೋಡಿಕೊಳ್ಳುತ್ತೇನೆ ಅಂದೆ. ಬಸಲಿಂಗ ಒಬ್ಬನೇ ಕೂಸನ್ನು ಎತ್ತಿಕೊಂಡು ಹೋದ. ನಾನು ಮಂಡಿನೋವು ಅಂತ ಹೇಳಿ ಮನೆಯಲ್ಲೇ ಉಳಿದೆ. ನಿಜ ಹೇಳಬೇಕೆಂದರೆ ನೋಡುವ ಧೈರ್ಯ ಇರಲಿಲ್ಲ.

ಆಮೇಲೆ ಜೀಪುಗಳು ಬಂದವು. ಪ್ರತಿ ಭಾನುವಾರ ಬೆಳಿಗ್ಗೆ ಆಳೆತ್ತರದ ಜೀಪುಗಳು ಗೋಮಾಳಕ್ಕೆ ಇಳಿಯುತ್ತಿದ್ದವು. ಚೆನ್ನಾಗಿರುವ ರಸ್ತೆ ಬಿಟ್ಟು ಹಳ್ಳ ದಿಣ್ಣೆ ಹುಡುಕಿಕೊಂಡು ಓಡಿಸುವುದು ಅವರಿಗೊಂದು ಆಟವಂತೆ. ನಮ್ಮೂರಲ್ಲಿ ಇನ್ನೂ ದನ ಕಟ್ಟಿರುವುದು ಒಂಬತ್ತು ಮನೆ, ಅದರಲ್ಲಿ ನನ್ನವೇ ನಾಲ್ಕು ಹಸು. ಇದ್ದಷ್ಟು ಹುಲ್ಲನ್ನೂ ತುಳಿದು ಕೆಸರು ಮಾಡಿದರೆ ಅವು ಅಪಾರ್ಟ್‌ಮೆಂಟಿನ ಗೋಡೆ ನೆಕ್ಕಬೇಕೇ? ಅರ್ಜಿ ಬರೆದೆ. ಹುಲ್ಲಿನ ಬಗ್ಗೆ ಎರಡು, ಸದ್ದಿನ ಬಗ್ಗೆ ಮೂರು.

ಕೊನೆಗೆ ಅಧಿಕಾರಿಗಳು ಸಭೆ ಕರೆದರು. ಜೀಪಿನವರ ಪರವಾಗಿ ಎದ್ದುನಿಂತವನು ಸಿದ್ಧಾರ್ಥ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಹುಡುಗ. ಸರ್ಕಾರಿ ಜಾಗ ಅಂದಮೇಲೆ ಅದು ಎಲ್ಲರದ್ದು, ದನ ಇರುವವರದ್ದು ಮಾತ್ರ ಅಲ್ಲ ಅಂದ. ಒಂದೇ ದಾರಿಯಲ್ಲಿ ಓಡಿಸುತ್ತೇವೆ, ನಮ್ಮ ಕಸ ನಾವೇ ಒಯ್ಯುತ್ತೇವೆ, ಹೋದ ವರ್ಷ ಯಾರೋ ಇಲ್ಲಿ ಸೈಟು ಹಾಕಲು ಬಂದಾಗ ಫೋಟೋ ತೆಗೆದು ದೂರು ಕೊಟ್ಟವರೂ ನಾವೇ ಅಂದ. ಕೊನೆಯ ಮಾತು ಸತ್ಯ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಟೀ ಅಂಗಡಿಯ ಚನ್ನಕ್ಕ ವ್ಯಾಪಾರದ ಆಸೆಗೆ ಅವನ ಕಡೆ ಸೇರಿದಳು. ನಾನು ಮೇಜು ಗುದ್ದಿ, ಗಂಟಲು ಹರಿಯುವಷ್ಟು ಕೂಗಾಡಿ ಗೆದ್ದೆ. ರಸ್ತೆಯ ಬದಿಗೆ ಉದ್ದಕ್ಕೂ ಕಂದಕ ತೋಡಿ ಗಾಡಿಗಳನ್ನು ತಡೆಯುವುದು ಅಂತ ತೀರ್ಮಾನವಾಯಿತು.

ಕಂದಕಕ್ಕೆ ಸುಣ್ಣದ ಗೆರೆ ಎಳೆದವನು ನಾನೇ. ಗಡಿಕಲ್ಲಿನಿಂದ ಗಡಿಕಲ್ಲಿಗೆ ಹುರಿ ಕಟ್ಟಿ, ಒಂದು ಅಂಗುಲವೂ ಆಚೀಚೆ ಆಗದ ಹಾಗೆ ಎಳೆದೆ. ನಡುವೆ ಒಂದು ಕಡೆ ಜಾಲಿಮುಳ್ಳಿನ ಗುಪ್ಪೆ ಅಡ್ಡ ಬಂತು. ಸೌದೆಗೆಂದು ಯಾರೋ ಕಡಿದು ಹಾಕಿದ್ದಾರೆ ಅಂದುಕೊಂಡು ಕೋಲಿನಿಂದ ಬದಿಗೆ ತಳ್ಳಿ ಮುಂದೆ ಹೋದೆ. ಮಣ್ಣು ಮಾಡಿದ ಜಾಗವನ್ನು ನಾಯಿ ಕೆದಕದಿರಲಿ ಅಂತ ಮುಳ್ಳು ಹೊದಿಸುತ್ತಾರೆ ಎಂಬುದು ನನ್ನ ವಯಸ್ಸಿನವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಜೆಸಿಬಿ ಸಿಕ್ಕಿದ್ದು ಭಾನುವಾರ. ಅದು ಗೆರೆ ಹಿಡಿದು ಅರ್ಧ ದೂರ ಬಂದಿತ್ತು, ಅಷ್ಟರಲ್ಲಿ ಸಿದ್ಧಾರ್ಥ್ ಜೀಪಿನಿಂದ ಇಳಿದು ಓಡಿಬಂದು ಅದರ ಮುಂದೆ ನಿಂತುಬಿಟ್ಟ. ಸಭೆಯಲ್ಲಿ ಸೋತವನು ಇಲ್ಲಿ ರಂಪ ಮಾಡಲು ಬಂದ ಅಂತ ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ದನಿ ಎತ್ತಲಿಲ್ಲ.

"ಕಂದಕ ತೋಡಿ ಸಾರ್, ನಾವಿನ್ನು ಬರಲ್ಲ. ಇಲ್ಲಿ ಮಾತ್ರ ಹತ್ತಡಿ ಸುತ್ತು ಹಾಕ್ಸಿ. ಇಲ್ಲೊಂದು ಮಗು ಇದೆ."

ಬಸಲಿಂಗನ ಕೂಸು ನನಗೆ ಆಗ ನೆನಪಾಯಿತು, ಕೈ ಎತ್ತಿ ಜೆಸಿಬಿ ನಿಲ್ಲಿಸಿದೆ. ಅವನು ಇಲ್ಲಿಗೆ ಬಂದ ಮೊದಲ ಭಾನುವಾರವೇ ಒಬ್ಬ ಹೆಂಗಸು ಕೂಸೇ ಅಂತ ಅಳುತ್ತಾ ಮುಳ್ಳಿನ ಮೇಲೆ ಹಾಲು ಬಿಟ್ಟು ಹೋಗುವುದನ್ನು ನೋಡಿದ್ದನಂತೆ. ಯಾರನ್ನೂ ಏನೂ ಕೇಳದೆ, ಅಂದಿನಿಂದ ಆ ಜಾಗ ಬಳಸಿಕೊಂಡು ಹೋಗುವ ಹಾಗೆ ಬಾವುಟ ನೆಟ್ಟು ದಾರಿ ತಿರುಗಿಸಿದ್ದ. ಬಗ್ಗಿ ನೋಡಿದೆ. ಟೈರಿನ ಗುರುತುಗಳು ನೇರವಾಗಿ ಬಂದು, ಗುಪ್ಪೆ ಇದ್ದ ಕಡೆ ಸುತ್ತುಹಾಕಿ, ಮತ್ತೆ ನೇರವಾಗಿದ್ದವು. ಆ ಗುರುತುಗಳ ಮೇಲೆ ಐದು ಅರ್ಜಿ ಬರೆದವನು ನಾನು, ಒಂದು ದಿನವೂ ಅವನ್ನು ಸರಿಯಾಗಿ ನೋಡಿರಲಿಲ್ಲ. ಮಾತು ಕೊಟ್ಟವನು ನಾನು, ಕಾದವನು ಅವನು.

ಮಹಾದೇವಿಗೆ ಹೇಳಿಕಳಿಸಿದೆ. ಅವಳು ಬಂದಮೇಲೆ ಒಂದನ್ನೂ ಮುಚ್ಚಿಡದೆ ಹೇಳಿದೆ, ಮುಳ್ಳು ತಳ್ಳಿದ್ದನ್ನೂ ಹೇಳಿದೆ. ಅವಳು ಮುಳ್ಳನ್ನು ಒಂದೊಂದಾಗಿ ಎತ್ತಿ ಮೊದಲಿನ ಹಾಗೆ ಜೋಡಿಸಿದಳು, ಅಂದು ಜಾಗ ತೋರಿಸಿದಿರಿ ಅಂತ ನನಗೂ ಕೈ ಮುಗಿದಳು. ನನಗೆ ತಲೆ ಎತ್ತಲಾಗಲಿಲ್ಲ. ಆಮೇಲೆ ಅವಳು ಸಿದ್ಧಾರ್ಥನ ಕಡೆ ತಿರುಗಿದಳು.

"ನೀವಿನ್ನ ಬರೂದಿಲ್ಲೇನ್ರಿ ಅಣ್ಣಾ?"

"ಇಲ್ಲಕ್ಕ. ಇನ್ಮೇಲೆ ಗಾಡಿ ಒಳಗೆ ಬರಕ್ಕಾಗಲ್ಲ."

ಅವಳು ಮುಳ್ಳಿನ ಗುಪ್ಪೆಯ ಕಡೆ ನೋಡಿದಳು. "ಆರು ದಿನ ಇಲ್ಲಿ ಯಾರೂ ಇರಂಗಿಲ್ರಿ. ಐತವಾರ ಮನ್ಯಾಗ ಕುಂತಾಗ ನಿಮ್ ಗಾಡಿ ಸಪ್ಪಳ ಕೇಳ್ತಿತ್ತು. ನಮ್ ಕೂಸಿನ ಸನೇಕ ಯಾರೋ ಬಂದಾರ ಅಂತ ಸಮಾಧಾನ ಆಗ್ತಿತ್ರಿ."

ಸಿದ್ಧಾರ್ಥ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಳ್ಳುತ್ತಾ ನಿಂತ. ನಾನು ಒರೆಸಿಕೊಳ್ಳಲೂ ಹೋಗಲಿಲ್ಲ.

ಕಂದಕ ಬೇಕಿತ್ತು, ಅದನ್ನು ಇವತ್ತಿಗೂ ಹೇಳುತ್ತೇನೆ. ಅದು ಈಗ ಹತ್ತಡಿ ಬಳಸಿಕೊಂಡು ಹೋಗಿದೆ, ನನ್ನ ಹಸುಗಳು ಒಳಗೆ ನೆಮ್ಮದಿಯಾಗಿ ಮೇಯುತ್ತವೆ. ಅವತ್ತು ಅವನು ಜೀಪು ಹತ್ತುವ ಮೊದಲು ಎರಡು ಕೈಯಲ್ಲೂ ಅವನ ಕೈ ಹಿಡಿದುಕೊಂಡೆ. ಉಪಕಾರ ಮರೆಯುವುದಿಲ್ಲ ಅನ್ನಲು ನಾಚಿಕೆಯಾಯಿತು, ನನ್ನ ಮರೆವು ಎಂಥದ್ದು ಅಂತ ಆಗಲೇ ನೋಡಿದ್ದಾಗಿತ್ತು.

"ಬಾನ್ವಾರ ಬಾರಪ್ಪ," ಅಂದೆ. "ಗಾಡಿ ಕಂದಕದ ಆಚೆ ನಿಲ್ಸು. ನಿಲ್ಸಿ, ಎರಡು ಸತಿ ಜೋರಾಗಿ ಆರನ್ ಮಾಡು. ಯಾರಾದ್ರೂ ಅರ್ಜಿ ಆಕಿದ್ರೆ ನಾನು ನೋಡ್ಕೊತೀನಿ."