ಪೆನ್ಸಿಲಿನಲ್ಲಿ ಬರೆದ ಉತ್ತರ

ಜೋಳದ ಹಿಟ್ಟು ನಾದುತ್ತಿದ್ದಾಗ ಮಗಳ ಕಾಲೇಜಿನಿಂದ ಫೋನು ಬಂತು. ಅಂಬಿಕಾಳ ಪ್ರಾಕ್ಟಿಕಲ್ ಅಂಕ ತಡೆಹಿಡಿದಿದ್ದೇವೆ, ಪಾಲಕರು ಬಂದು ಕಾಣಬೇಕು ಎಂದರು. ಹಿಟ್ಟಿಗೆ ತಟ್ಟೆ ಮುಚ್ಚಿ, ಮಗಳ ಜೊತೆ ಗುಂಡಗುರ್ತಿಯಿಂದ ಚಿತ್ತಾಪುರದ ಬಸ್ಸು ಹತ್ತಿದೆ.

ದಾರಿಯಲ್ಲಿ ಅವಳು ತನ್ನ ಅಪರಾಧ ವಿವರಿಸಿದಳು. ಅವಳು ಓದುತ್ತಿರುವುದು ಕಂಪ್ಯೂಟರ್ ವಿಜ್ಞಾನ. ಅಜಯಕುಮಾರ ಸರ್ ಪ್ರೋಗ್ರಾಂ ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಅದನ್ನು ನಡೆಸಿದರೆ ಯಂತ್ರ ಏನು ಉತ್ತರ ಕೊಡುತ್ತದೋ ಅದನ್ನೂ ಸರ್ ಅವರೇ ಹೇಳುತ್ತಾರೆ. ಅದನ್ನು ರೆಕಾರ್ಡ್ ಪುಸ್ತಕದ ಎಡಪುಟದಲ್ಲಿ ಪೆನ್ಸಿಲಿನಿಂದ ಬರೆಯಬೇಕು. ಯಂತ್ರಕ್ಕೆ ತೊಂದರೆ ಕೊಡುವ ಪದ್ಧತಿ ಅಲ್ಲಿಲ್ಲ. ಈ ಸಲ ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವ ಪ್ರೋಗ್ರಾಂ. ಅಂಬಿಕಾ ಅದನ್ನು ತನ್ನ ಮೊಬೈಲಿನಲ್ಲಿ ನಡೆಸಿ ನೋಡಿದ್ದಾಳೆ. ಅದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿತಂತೆ. ಕಂಡದ್ದನ್ನೇ ಬರೆದಳು. ಉಳಿದ ಇಡೀ ತರಗತಿ ಹೇಳಿದ್ದನ್ನು ಬರೆದು ಪೂರ್ಣ ಅಂಕ ಪಡೆಯಿತು.

ಲ್ಯಾಬಿನ ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ಒಳಗೆ ಕಂಪ್ಯೂಟರುಗಳು ಹೂವಿನ ಚಿತ್ರದ ಬಟ್ಟೆ ಹೊದ್ದು, ಅತ್ತೆಮನೆಗೆ ಬಂದ ಹೊಸ ಸೊಸೆಯರಂತೆ ಸಾಲಾಗಿ ಕುಳಿತಿದ್ದವು. ಕೈಮುಗಿಯಬೇಕೋ ಏನೋ ಎಂದು ಒಂದು ಕ್ಷಣ ನನಗೆ ಅನುಮಾನವಾಯಿತು.

"ನೋಡ್ರಿ ಅಕ್ಕಾರ, ನಿಮ್ಮ ಮಗಳು ಭಾಳ ಶ್ಯಾಣ್ಯಾಕಿ ಆಗ್ಯಾಳ," ಎಂದರು ಸರ್. ವರ್ಷಗಟ್ಟಲೆ ಎಲ್ಲರಿಗೂ ಒಂದೇ ಉತ್ತರ ಬರುತ್ತಿದೆಯಂತೆ, ಇವಳೊಬ್ಬಳಿಗೇ ಬೇರೆ ಬಂತಂತೆ. ಎಲ್ಲರಿಗೂ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಅಂಕ ಅವರ ಕೈಯಲ್ಲಿತ್ತು. ಅದಿಲ್ಲದೆ ಮಗಳು ಈ ವರ್ಷ ಪಾಸಾಗುವುದಿಲ್ಲ.

ಅವರು ದೊಡ್ಡ ಮನಸ್ಸು ಮಾಡಿ ಒಂದು ರಬ್ಬರನ್ನು ಅವಳ ಮುಂದಿಟ್ಟರು. "ಅಳಿಸಿ ಬರಿ. ಈಗೇ ಅಂಕ ಹಾಕ್ತೀನಿ. ಪೆನ್ಸಿಲ್ ಇರೋದೇ ಅದಕ್ಕ."

ಅಂಬಿಕಾ ನನ್ನ ಮುಖ ನೋಡಿದಳು. ಒಂದೇ ಸಾಲು, ಅಳಿಸಿಬಿಡು ಎನ್ನಲು ಬಾಯಿ ತೆರೆದೆ. ಆದರೆ ಅವಳ ಬೆನ್ನ ಮೇಲೆ ಕೈಯಿಟ್ಟೆ.

"ನಿನಗ ಹ್ಯಾಂಗ ತಿಳೀತದ ಹಂಗ ಮಾಡವ್ವ."

ಅವಳು ರಬ್ಬರನ್ನು ಮೆಲ್ಲಗೆ ಅವರ ಕಡೆಗೇ ಸರಿಸಿದಳು. ಎದ್ದು, ಪಕ್ಕದ ಕಂಪ್ಯೂಟರಿನ ಬಟ್ಟೆ ತೆಗೆದು ಅಚ್ಚುಕಟ್ಟಾಗಿ ಮಡಚಿದಳು.

"ಸರ್, ನೀವು ಇದನ್ನ ಒಮ್ಮೆರ ನಡೆಸಿ ನೋಡೀರೇನ್ರಿ?"