ಕೋಟಿನ ಜೇಬಿನ ಕೆಂಪು ಮೊಟ್ಟೆ

ನನ್ನ ಗಂಡ ದರ್ಜಿ. ಎಂಥ ಹರಿದ ಬಟ್ಟೆಯನ್ನೂ ಹೊಲಿಗೆ ಕಾಣದಂತೆ ಕೂಡಿಸಿ ಕೊಡುತ್ತಾನೆ, ಮನಸ್ಸಿನಲ್ಲಿರುವುದನ್ನು ಮುಚ್ಚಿಡಲು ಮಾತ್ರ ಬಾರದು. ಮುಖವೇ ಎಲ್ಲವನ್ನೂ ಒದರಿಬಿಡುತ್ತದೆ. ಇಂಥವನು ಪ್ರತಿ ಈಸ್ಟರ್ ಬೆಳಿಗ್ಗೆ ಮೊಟ್ಟೆ ಬೇಯಿಸಿ, ಬಣ್ಣ ಹಚ್ಚಿ, ಮನೆಯ ಮುಂದಿನ ಕೋಣೆಯಲ್ಲಿರುವ ತನ್ನ ಅಂಗಡಿಯಲ್ಲಿ ಬಚ್ಚಿಟ್ಟು, "ಹುಡುಕ್ರಿ ನೋಡೋಣ" ಎಂದು ಮಕ್ಕಳಿಗೆ ಸವಾಲು ಹಾಕುತ್ತಾನೆ.

ದೊಡ್ಡ ಮಗನೂ ನಡುವಿನ ಮಗಳೂ ಅಂಗಡಿಯನ್ನು ಹುಡುಕುವುದೇ ಇಲ್ಲ. ಅಪ್ಪನ ಮುಖ ನೋಡುತ್ತಾರೆ. ಗುಂಡಿಯ ಡಬ್ಬಿಯತ್ತ ಹೆಜ್ಜೆ ಇಟ್ಟರೆ ಅವನ ಹುಬ್ಬು ಏರುತ್ತದೆ, ಇಸ್ತ್ರಿ ಮೇಜಿನತ್ತ ತಿರುಗಿದರೆ ಇಳಿಯುತ್ತದೆ. ಐದೇ ನಿಮಿಷಕ್ಕೆ ಬುಟ್ಟಿ ತುಂಬುತ್ತದೆ. "ನಮ್ಮ ಮಕ್ಕಳು ಎಷ್ಟು ಚುರುಕು ನೋಡು!" ಎಂದು ಅವನು ಹಿಗ್ಗುತ್ತಾನೆ. ನಾನು ತುಟಿ ಬಿಚ್ಚುವುದಿಲ್ಲ.

ಕಷ್ಟವೆಲ್ಲ ನಾಲ್ಕು ವರ್ಷದ ಕಿರಿಯವಳದು. ಹೊಲಿಗೆ ಯಂತ್ರದ ದಾರದ ಉರುಳೆಯಂತೆ ಗುಂಡಗೆ, ಪುಟ್ಟಗೆ, ಸದಾ ಸುತ್ತುತ್ತಲೇ ಇರುತ್ತಾಳೆಂದು ಅಪ್ಪ ಅವಳನ್ನು ಬಾಬಿನ್ ಎನ್ನುತ್ತಾನೆ. ಅವಳ ಎತ್ತರಕ್ಕೆ ಕಾಣುವುದು ಅಪ್ಪನ ಮೊಣಕಾಲು. ಮೊಣಕಾಲು ಏನು ಹೇಳೀತು? ಎರಡು ವರ್ಷ ಅವಳಿಗೆ ಒಂದೂ ಸಿಕ್ಕಿರಲಿಲ್ಲ. ಅಣ್ಣ ತನ್ನದನ್ನು ಕೊಡಲು ಬಂದರೆ, "ಕೊಟ್ಟಿದ್ದು ಬೇಡ, ಸಿಕ್ಕಿದ್ದು ಬೇಕು" ಎಂದು ಮುಖ ತಿರುಗಿಸುತ್ತಾಳೆ. ಹಟದಲ್ಲಿ ನನ್ನನ್ನೇ ಹೋಲುತ್ತಾಳಂತೆ. ಇರಲಿ.

ಈ ಸಲ ಅವನು ಉಪಾಯ ಹೂಡಿದ. ಅವಳ ಕೈಗೆಟಕುವಂತೆ ಕೆಳಗಿನ ಗೂಟದಲ್ಲಿ ತೂಗಿದ್ದ ಬೂದು ಕೋಟಿನ ಜೇಬಿನೊಳಗೆ ಒಂದು ಕೆಂಪು ಮೊಟ್ಟೆ ಇಟ್ಟ. ನನಗೆ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅವನು ಸ್ನಾನಕ್ಕೆ ಹೋದಾಗ ಚರ್ಚಿನ ಹಾಡಿನ ಮೇಷ್ಟ್ರು ಬಾಗಿಲು ತಟ್ಟಿ, ತಾವು ಹೊಲಿಯಲು ಕೊಟ್ಟಿದ್ದ ಆ ಬೂದು ಕೋಟು ಕೇಳಿದರು. ನಾನು ಕವರಿಗೆ ಹಾಕಿ ಕೊಟ್ಟುಬಿಟ್ಟೆ. ಅವಸರದಲ್ಲಿ ಜೇಬನ್ನು ಯಾರು ನೋಡುತ್ತಾರೆ?

ಹುಡುಕಾಟ ಶುರುವಾದಾಗ ಅವನು ಗೂಟ ನೋಡಿ ಬಿಳಿಚಿಕೊಂಡ.

"ಕೋಟೆಲ್ಲಿ?"

"ಕೊಟ್ಟೆ."

"ಯಾರಿಗೆ?"

"ಕೋಟಿನವರಿಗೆ."

ಅಷ್ಟರಲ್ಲಿ ದೊಡ್ಡವರಿಬ್ಬರೂ ಉಳಿದದ್ದೆಲ್ಲ ಬಾಚಿಯಾಗಿತ್ತು. ಅದರಲ್ಲೊಂದನ್ನು ಮತ್ತೆ ಬಚ್ಚಿಡೋಣವೆಂದರೆ ಬಾಬಿನ್ ಬುಟ್ಟಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಕತ್ತರಿಸುವ ಮೇಜಿನಡಿ ಹೋಗಿ ಕೂತು, "ಅಮ್ಮಾ, ಮೊಟ್ಟೆಗೆ ನಾನಂದ್ರೆ ಇಷ್ಟ ಇಲ್ವಾ?" ಎಂದಳು.

ಅತ್ತು ಮುಖ ಊದಿಸಿಕೊಂಡಿದ್ದ ಮಗಳನ್ನು ಅಪ್ಪ ಚರ್ಚಿನಲ್ಲಿ ಎತ್ತಿಕೊಂಡೇ ನಿಂತ. ಮುಂದೆ ಮೇಷ್ಟ್ರು ಹೊಸ ಕೋಟು ತೊಟ್ಟು, ನಮಗೆ ಬೆನ್ನು ಹಾಕಿ, ಕೈಯಾಡಿಸುತ್ತ ಹಾಡಿಸುತ್ತಿದ್ದರು. ಬಲಗಡೆಯ ಜೇಬು ಉಬ್ಬಿತ್ತು! ಹಾಡು ಮುಗಿದರೆ ಅವರು ಪಕ್ಕದ ಕೈಗಳಿರುವ ಇಕ್ಕಟ್ಟಾದ ಕುರ್ಚಿಯಲ್ಲಿ ಕೂರುತ್ತಾರೆ, ಮೊಟ್ಟೆ ಅಪ್ಪಚ್ಚಿಯಾಗುತ್ತದೆ. ನನ್ನ ಗಂಡ ಹಾಡುವುದನ್ನೇ ಮರೆತ. ಜೇಬು ಏರಿದಾಗ ಅವನ ಹುಬ್ಬು ಏರಿತು, ಇಳಿದಾಗ ಇಳಿಯಿತು.

ಆಗ ಬಾಬಿನ್ ಅವನನ್ನು ನೋಡಿದಳು. ಅಪ್ಪನ ಆ ಮುಖ ಮೊದಲ ಬಾರಿಗೆ ಅವಳಿಗೆ ಗೇಣು ದೂರದಲ್ಲಿತ್ತು. ಹುಬ್ಬು ನೋಡಿದಳು, ಕಣ್ಣು ನೋಡಿದಳು, ಕಣ್ಣು ಹೋದ ಕಡೆ ನೋಡಿದಳು. ಹಾಡಿನಲ್ಲಿ ಉಳಿದಿದ್ದು ಒಂದೇ ಚರಣ. ಅವಳ ಕಿವಿಯಲ್ಲಿ ಹೇಳಿಬಿಡಲೇ ಎಂದು ನನಗೆ ಅನ್ನಿಸಿತು. ಹೇಳಿದರೆ ಅದು ಕೊಟ್ಟದ್ದಾಗುತ್ತಿತ್ತು. ತುಟಿ ಕಚ್ಚಿಕೊಂಡು ನಿಂತೆ.

"ಕೆಳಗಿಳ್ಸು" ಎಂದಳು.

ನಡುವಿನ ದಾರಿಯಲ್ಲಿ ನೆಟ್ಟಗೆ ನಡೆದುಹೋಗಿ, ಮೇಷ್ಟ್ರ ಜೇಬಿಗೆ ಮೊಣಕೈವರೆಗೂ ಕೈ ಹಾಕಿದಳು. ಅವರ ಎರಡೂ ಕೈ ಗಾಳಿಯಲ್ಲೇ ನಿಂತವು. ನಿಲ್ಲಿಸಿ ಎನ್ನುವವರಿಲ್ಲದೆ ಹಾಡುವವರು ಒಂದೇ ಸ್ವರವನ್ನು ಎಳೆಯುತ್ತಲೇ ಇದ್ದರು.

"ಸಿಕ್ತು! ನಂಗೇ ಸಿಕ್ತು!"

ನಾನು ಎಲ್ಲರೆದುರೇ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

"ಒಂದು ಕಡೆ ಭಾರ ಅನ್ನಿಸ್ತಿತ್ತು" ಎಂದರು ಮೇಷ್ಟ್ರು ಆಮೇಲೆ, "ಈಗಿನ ಹೊಲಿಗೆಯೇ ಹೀಗೇನೋ ಅಂದ್ಕೊಂಡೆ."

ಮನೆಗೆ ಬರುವಾಗ ಬಾಬಿನ್ ಮೊಟ್ಟೆಯನ್ನು ಎದೆಗವಚಿಕೊಂಡು ಅಪ್ಪನ ಮುಂದೆ ನಿಂತಳು. "ಮುಂದಿನ ಸಲ ಹುಡುಕೋವಾಗ ನನ್ನ ಎತ್ಕೊಂಡೇ ಇರ್ಬೇಕು."

"ನೋಡಿದ್ಯಾ? ನನ್ನ ಬಿಟ್ಟಿರೋಕೇ ಆಗಲ್ಲ ಇವಳಿಗೆ!" ಅವನು ಕರಗಿ ನೀರಾದ.

ದೊಡ್ಡವರಿಬ್ಬರೂ ಮುಖ ಮುಖ ನೋಡಿಕೊಂಡು ಪೆಚ್ಚಾದರು. ಐದು ಜನರಿರುವ ನಮ್ಮ ಮನೆಯಲ್ಲಿ ಈ ಗುಟ್ಟು ಈಗ ನಾಲ್ವರಿಗೆ ಗೊತ್ತು. ಐದನೆಯವನಿಗೆ ನಾವ್ಯಾರೂ ಹೇಳುವುದಿಲ್ಲ.