ಹಜೀರಾದ ಹನ್ನೊಂದು ನಂಬರುಗಳು

ಸೂರತ್‌ನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹಾಲ್ ತುಂಬ ನಿಂತಿದ್ದ, ಕರೆಗಳನ್ನು ಜೋಡಿಸುವ ಹಳೆಯ ಸ್ವಿಚ್ಚನ್ನು ಸುಭದ್ರಾ ಹತ್ತೊಂಬತ್ತು ವರ್ಷ ಸಾಕಿದ್ದಳು. ಅದನ್ನು ಬಿಚ್ಚಿ ಗುಜರಿಗೆ ಹಾಕುವುದಕ್ಕೆ ಅವಳದೇನೂ ತಕರಾರಿರಲಿಲ್ಲ. ಬೀರುವಿನಷ್ಟು ದೊಡ್ಡ ಹೊಸ ಪೆಟ್ಟಿಗೆ ಬಂದಿತ್ತು. ಹಳೆಯ ತಾಮ್ರದ ತಂತಿಯನ್ನು ಅದಕ್ಕೆ ಸಿಕ್ಕಿಸಿದರೆ ಮಾತು ಇಂಟರ್‌ನೆಟ್ಟಿನ ದಾರಿ ಹಿಡಿಯುತ್ತಿತ್ತು, ಮನೆಯ ಫೋನು ಅದೇ ಇರುತ್ತಿತ್ತು. ಮೂರು ತಿಂಗಳಲ್ಲಿ ಆರು ಸಾವಿರ ಲೈನುಗಳನ್ನು ಅವಳೇ ಮುಂದೆ ನಿಂತು ದಾಟಿಸಿದ್ದಳು.

ತಕರಾರೆದ್ದದ್ದು ಕೊನೆಯ ದಿನ, ಹನ್ನೊಂದು ನಂಬರುಗಳಿಗೆ. ಆರು ತಿಂಗಳಿಂದ ಒಂದೂ ಕರೆ ಮಾಡದ ಲೈನು ಸತ್ತ ಲೈನು, ಅದನ್ನು ಹೊಸ ಪೆಟ್ಟಿಗೆಗೆ ಸೇರಿಸಬೇಕಿಲ್ಲ ಎಂದು ಅಹಮದಾಬಾದಿನ ಕಚೇರಿ ನಿಯಮ ಮಾಡಿತ್ತು. ಈ ಹನ್ನೊಂದೂ ಸೂರತ್ ಪಕ್ಕದ ಹಜೀರಾದ ಕಾರ್ಖಾನೆಗಳ ಗೇಟಿನ ಫೋನುಗಳು. ಒಂದು ಕಡೆ ಗ್ಯಾಸ್ ಸೋರಿದರೆ ಉಳಿದವರನ್ನು ಎಚ್ಚರಿಸಲು ಹೊರಗಿನಿಂದ ಅವಕ್ಕೆ ಕರೆ ಹೋಗಬೇಕು. ಅವು ತಾವಾಗಿ ಯಾರಿಗೂ ಫೋನ್ ಮಾಡುವುದಿಲ್ಲ. ಸುಮ್ಮನೆ ಬಿದ್ದಿರುವುದೇ ಅವುಗಳ ಕೆಲಸ ಅನ್ನುವುದು ಎಸಿ ರೂಮಿನಲ್ಲಿ ಸತ್ತ ಲೈನುಗಳ ಪಟ್ಟಿ ಮಾಡಿದ ಪುಣ್ಯಾತ್ಮರಿಗೆ ಹೊಳೆದಿರಲಿಲ್ಲ.

ಅವಳ ಮೇಲಧಿಕಾರಿ ನಂಜುಂಡ ಮಂಡ್ಯದ ಕಡೆಯವರು. ಕೆಟ್ಟವರಲ್ಲ, ಮೇಲಿನವರೆಂದರೆ ಪುಕ್ಕಲು. ಐದು ಗಂಟೆಗೆ ಹಳೆಯ ಸ್ವಿಚ್ ಆಫ್ ಆಗಲೇಬೇಕು, ಪಟ್ಟಿ ತಿದ್ದುವ ಅಧಿಕಾರ ತಮಗಿಲ್ಲ, ಹಟ ಹಿಡಿದರೆ ವರ್ಗ ಮಾಡಿಸಬೇಕಾಗುತ್ತದೆ ಎಂದರು. ಗದಗಿನಿಂದ ಇಲ್ಲಿಯ ತನಕ ಬಂದವಳಿಗೆ ವರ್ಗದ ಹೆದರಿಕೆಯೇ? ಸುಭದ್ರಾ ಸ್ವಿಚ್ ರೂಮಿಗೆ ಬೀಗ ಜಡಿದು, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದು ಅವರೆದುರೇ ಕುರ್ಚಿ ಎಳೆದು ಕೂತಳು.

“ಸುಭದ್ರಾ ಅವರೇ, ಸತ್ತಿರೋ ಲೈನಿಗೆ ಯಾಕಿಷ್ಟು ರಂಪ ಮಾಡ್ತೀರಿ?” ಎಂದರು ನಂಜುಂಡ.

ಅವಳು ಅವರ ಮೇಜಿನ ಫೋನನ್ನೇ ಎಳೆದುಕೊಂಡು, ಸ್ಪೀಕರ್ ಹಾಕಿ, ಹನ್ನೊಂದರಲ್ಲಿ ಮೊದಲನೆಯ ನಂಬರು ಒತ್ತಿದಳು. ಒಂದು ರಿಂಗ್ ಮುಗಿಯುವ ಮೊದಲೇ ಆ ಕಡೆಯ ಗಾರ್ಡ್ ಎತ್ತಿದ. ಎಲ್ಲಿ ಸೋರಿದೆ, ಗಾಳಿ ಯಾವ ಕಡೆಗಿದೆ, ಜನರನ್ನು ಯಾವ ಗೇಟಿನಿಂದ ಹೊರಗೆ ಕಳಿಸಲಿ ಎಂದು ಹಿಂದಿಯಲ್ಲಿ ಒಂದೇ ಉಸಿರಿಗೆ ಕೇಳಿದ.

ಏನೂ ಆಗಿಲ್ಲ, ಲೈನ್ ಪರೀಕ್ಷೆ ಅಷ್ಟೇ ಎಂದು ಸುಭದ್ರಾ ತಕ್ಷಣ ಹೇಳಿದಳು. ಮೊದಲೇ ತಿಳಿಸಬಾರದೇ ಎಂದು ಅವನು ಚೆನ್ನಾಗಿ ಬೈದ. ಆಮೇಲೆ ದನಿ ಇಳಿಸಿ, ಹೊಸ ಮೆಷಿನ್ ಬರುತ್ತಿದೆಯಂತೆ, ನಾಳೆಯೂ ಈ ಫೋನು ಇರುತ್ತದಲ್ಲವೇ ಎಂದು ಕೇಳಿದ.

ಸುಭದ್ರಾ ಫೋನನ್ನು ನಂಜುಂಡರ ಕಡೆಗೆ ತಳ್ಳಿದಳು.

“ನೀವ ಹೇಳ್ರಿ ಸರ, ಈ ಫೋನ್ ಸತ್ತೈತಿ ಅಂತ. ನನ್ನ ಬಾಯಿಂದ ಅದು ಬರಂಗಿಲ್ಲ.”

ಗಾರ್ಡ್ ಹಲೋ ಹಲೋ ಅನ್ನುತ್ತಲೇ ಇದ್ದ. ಕೊನೆಗೆ ನಂಜುಂಡ ಪಟ್ಟಿಯನ್ನು ಹತ್ತಿರ ಎಳೆದುಕೊಂಡು ಪೆನ್ನು ಬಿಚ್ಚಿದರು.

“ಇರುತ್ತೆ,” ಎಂದರು, ಹಿಂದಿ ಮರೆತು ಕನ್ನಡದಲ್ಲೇ.

ಸುಭದ್ರಾ ಅದನ್ನು ಹಿಂದಿಯಲ್ಲಿ, ಅಹಮದಾಬಾದಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.